ನಮ್ಮ ರೇಡರ್‌ನ ಆರನೇ ಸೆಮಿಸ್ಟರ್

ಬೇರೆ ಮಾಸ್ತರರಿಗೆ ಪರೀಕ್ಷೆ ಬಂದಾಗಷ್ಟೇ ಫಜೀತಿ. ನನಗೆ ವರ್ಷವಿಡೀ ಅದರದೇ ಸುಗ್ಗಿ. ಕಾರಣ ಇಷ್ಟೇ, ನಾನು ಚಿತ್ತಾಪುರದ ಒಂದು ಡಿಗ್ರಿ ಕಾಲೇಜಿನಲ್ಲಿ ಆಟ ಕಲಿಸುವವನು. ಕಾಗದದ ಮೇಲೆ ದೈಹಿಕ ಶಿಕ್ಷಣ ನಿರ್ದೇಶಕ, ಊರವರ ಬಾಯಲ್ಲಿ ಪಿ.ಟಿ. ಮಾಸ್ತರ.

ಇಪ್ಪತ್ತೆರಡು ವರ್ಷ ಸೀಟಿ ಊದಿದ್ದೇನೆ. ಇಷ್ಟರಲ್ಲಿ ಚಲೋ ಆಡುವ ಐದಾರು ಹುಡುಗರು ಡಿಗ್ರಿಯನ್ನು ಅರ್ಧಕ್ಕೆ ಬಿಟ್ಟು ಆಟದ ಹಿಂದೆ ಹೋದರು. ಒಬ್ಬಿಬ್ಬರು ಹೆಸರು ಮಾಡಿದರು. ಉಳಿದವರು ಈಗ ಎಲ್ಲಾದರೂ ಎದುರಾದರೆ ನನ್ನ ಮುಖ ನೋಡಲಾರದೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ. ಅದಕ್ಕೇ ಹಟ ಹಿಡಿದುಬಿಟ್ಟೆ: ಇನ್ನು ಮುಂದೆ ನನ್ನ ಮೈದಾನದಿಂದ ಒಬ್ಬನೂ ಡಿಗ್ರಿ ಇಲ್ಲದೆ ಹೋಗಕೂಡದು.

ಆ ಹಟಕ್ಕೆ ಮೊದಲು ಸಿಕ್ಕವನು ನಮ್ಮ ಕಬಡ್ಡಿ ತಂಡದ ರೇಡರ್. ಶಹಾಬಾದದ ಹುಡುಗ, ಬಿ.ಎ. ಕೊನೆಯ ವರ್ಷ. ರೇಡರ್ ಅಂದರೆ ಎದುರಾಳಿಗಳ ಅಂಗಳಕ್ಕೆ ಒಬ್ಬನೇ ನುಗ್ಗಿ, ಮುಟ್ಟಿ, ಸಿಕ್ಕಿಬೀಳದೆ ತಿರುಗಿ ಬರುವವನು. ಇವನನ್ನು ಹಿಡಿಯುವುದೆಂದರೆ ಎಣ್ಣೆ ಹಚ್ಚಿಕೊಂಡ ಮೀನು ಹಿಡಿದಂತೆ. ಎದುರಾಳಿಗಳಿಗಷ್ಟೇ ಅಲ್ಲ, ನನಗೂ.

ಗ್ರಂಥಪಾಲಕರ ಸಹಿ

ಐದನೇ ಸೆಮಿಸ್ಟರ್ ಮುಗಿದ ಮರುದಿನ ರೇಡರ್ ನನ್ನ ಕೋಣೆಯ ಬಾಗಿಲಲ್ಲಿ ನಿಂತ.

"ಸರ್, ಟಿ.ಸಿ. ಬೇಕಾಗ್ಯಾದ್ರಿ."

"ಯಾಕೋ?"

"ದೊಡ್ಡ ಲೀಗಿನ ತಂಡದವ್ರು ಫೋನ್ ಮಾಡ್ಯಾರ್ರಿ. ಸೋಲಾಪುರ ಆಚಿ ಕ್ಯಾಂಪ್ ಅದ. ಇನ್ನ ಓದಿ ಏನ್ ಮಾಡ್ಲಿ ಹೇಳ್ರಿ?"

"ಆರು ತಿಂಗಳು ಉಳದಾವ. ಮುಗಿಸಿ ಹೋಗು."

"ಆರು ತಿಂಗಳದಾಗ ನನ್ನ ಜಾಗಾದಾಗ ಮತ್ತೊಬ್ಬ ಕುಂತಿರ್ತಾನ್ರಿ."

ಹುಡುಗ ಹೇಳಿದ್ದು ಖರೆ ಇತ್ತು. ಖರೆ ಇದ್ದದ್ದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು. "ಎಲ್ಲಾ ವಿಭಾಗದಿಂದ ಬಾಕಿ ಇಲ್ಲ ಅಂತ ಸಹಿ ತಗೊಂಡು ಬಾ" ಎಂದು ಅಟ್ಟಿದೆ. ಒಂದು ತಾಸಿನಲ್ಲಿ ಎಲ್ಲ ಸಹಿ ಹಾಕಿಸಿದ, ಗ್ರಂಥಾಲಯದ್ದೊಂದು ಬಿಟ್ಟು. ನಮ್ಮ ಗ್ರಂಥಪಾಲಕರು ನಿವೃತ್ತಿಗೆ ಹತ್ತಿರವಾದ ಖಡಕ್ ಮನುಷ್ಯ.

"ಕಾರ್ಡ್ ಎಲ್ಲಿ?" ಅಂದರು.

"ಮಾಡ್ಸಿಲ್ರಿ. ಮೂರು ವರ್ಷದಾಗ ಒಂದೂ ಪುಸ್ತಕ ಒಯ್ದಿಲ್ರಿ. ಹಂಗಂದ್ರ ಬಾಕಿ ಇಲ್ಲ ಅಲ್ರಿ?"

"ರಜಿಸ್ಟರದಾಗ ಹೆಸರೇ ಇಲ್ಲದವಂಗ ಬಾಕಿ ಇಲ್ಲ ಅಂತ ಹ್ಯಾಂಗ ಬರದು ಕೊಡ್ಲಿ? ಮದಲ ಕಾರ್ಡ್ ಮಾಡ್ಸು. ಒಂದು ಪುಸ್ತಕ ಒಯ್ಯಿ. ತಿರುಗಿ ತಂದು ಕೊಡು. ಆಮ್ಯಾಲ ಸಹಿ."

ಕಾರ್ಡಿಗೆ ಎಂಟು ದಿನ ಹಿಡಿಯಿತು. ರೇಡರ್ ಇದ್ದುದರಲ್ಲಿ ತೆಳ್ಳಗಿನ ಪುಸ್ತಕ ಹುಡುಕಿ ಒಯ್ದ. ದಿನಾ ಶಹಾಬಾದದಿಂದ ವಾಡಿಗೆ, ವಾಡಿಯಿಂದ ಚಿತ್ತಾಪುರಕ್ಕೆ ರೈಲು ಬದಲಿಸಿ ಬರುವವನು. ವಾಡಿಯಲ್ಲಿ ಮುಂದಿನ ಗಾಡಿಗೆ ಕಾಯುವಾಗ ಬೇಸರಕ್ಕೆ ಅದನ್ನೇ ತೆರೆದು ಓದಿದನಂತೆ. ತಿರುಗಿ ಕೊಡಲು ಬಂದವನು ಎರಡನೇ ಭಾಗ ಇದೆಯೇ ಎಂದು ಕೇಳಿದ. ಸಹಿ ಕೇಳುವುದನ್ನೇ ಮರೆತ.

ಗ್ರಂಥಪಾಲಕರು ಮಧ್ಯಾಹ್ನ ನನ್ನ ಕೋಣೆಗೆ ಬಂದು ಹೇಳಿದರು: "ಮಾಸ್ತರ್ರಾ, ನಿಮ್ಮ ಹುಡುಗ ಕಾಲೇಜ್ ಬಿಡ್ಲಿಕಿ ಬಂದು ಈಗ ಕಾಲೇಜಿಗಿ ಸೇರ್ಯಾನ ನೋಡ್ರಿ."

ಫರಸಿ ಬಾರಿಸಿ ನೋಡಿದರು

ಟಿ.ಸಿ. ನಿಂತಿತು, ಹುಡುಗನ ಮನಸ್ಸು ನಿಲ್ಲಲಿಲ್ಲ. ಒಂದು ಭಾನುವಾರ ಶಹಾಬಾದಕ್ಕೆ ಹೋದೆ, ಅವನ ಅಪ್ಪನನ್ನು ಒಪ್ಪಿಸೋಣ ಎಂದು. ಅಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ಕೆಲಸಗಾರ. ಮೈತುಂಬ ಕಲ್ಲಿನ ಪುಡಿ, ರೆಪ್ಪೆಯ ಮೇಲೂ ಪುಡಿ. ನನ್ನನ್ನು ಕಂಡು ಮಷೀನ್ ಬಂದ್ ಮಾಡಿ, ಒಂದು ಫರಸಿಯನ್ನೇ ಒರೆಸಿ, "ಬರ್ರಿ ಮಾಸ್ತರ್ರಾ, ಕುಂದ್ರಿ" ಅಂದರು. ರೇಡರ್ ಅಪ್ಪನ ಹಿಂದೆ ಕೈಕಟ್ಟಿ ನಿಂತ.

ನಾನು ಡಿಗ್ರಿಯ ಮಹತ್ವ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಹೇಳಿದರು. "ಓದು ಅರವತ್ತಕ್ಕೂ ಆಗ್ತದ್ರಿ. ಮೊಣಕಾಲು ಅಲ್ಲಿ ತನಕ ಕಾಯ್ತಾವೇನ್ರಿ?"

"ಅದಕ್ಕೇ ಹೇಳ್ಲಿಕತ್ತೀನಿ" ಎಂದು ನಾನು ಪ್ಯಾಂಟು ಮೇಲೆ ಸರಿಸಿ ಎಡಗಾಲು ಮುಂದೆ ಚಾಚಿದೆ. "ಇದು ನೋಡ್ರಿ. ನಾನೂ ಒಂದು ಕಾಲಕ್ಕ ವಾಲಿಬಾಲ್ ಆಡ್ತಿದ್ದೆ. ಒಂದು ಸಲ ಜಿಗದು ಕೆಳಗ ಬಂದೆ, ಮೊಣಕಾಲು ಹೋತು. ಡಿಗ್ರಿ ಇತ್ತು, ಬದುಕಿಕೊಂಡೆ. ಇಲ್ಲಂದ್ರ ನನ್ನ ಗತಿ ಏನಿತ್ತು?"

ಅವರ ಮುಖ ಗಂಭೀರವಾಯಿತು. ಬಾಣ ತಾಗಿತು ಅಂದುಕೊಂಡೆ. ಅಲ್ಲಿನವರು ಲಾರಿಗೆ ಹೇರುವ ಮೊದಲು ಪ್ರತಿ ಫರಸಿಯನ್ನೂ ಬೆರಳ ಗೆಣ್ಣಿನಿಂದ ಬಾರಿಸಿ, ಕಿವಿಗೊಟ್ಟು, ಒಳಗೆ ಸೀಳು ಇದೆಯೇ ಎಂದು ನೋಡುತ್ತಾರೆ. ಅವರು ನನ್ನ ಮೊಣಕಾಲಿನ ಮೇಲೆ ಅದೇ ಗೆಣ್ಣಿನಿಂದ ಎರಡು ಸಲ ಬಾರಿಸಿದರು. ಕಿವಿ ಹತ್ತಿರ ತಂದರು. "ಒಳಗ ಸೀಳ್ಯಾದ" ಅಂದರು. ಆಮೇಲೆ ಮಗನನ್ನು ಕರೆದು ಅವನ ಮೊಣಕಾಲು ಬಾರಿಸಿದರು. ಮುಖ ಅರಳಿತು.

"ಮಾಸ್ತರ್ರಾ, ಸೀಳಿದ್ದ ಕಲ್ಲು ನಾವು ಇಲ್ಲೇ ಊರಾಗ ಅಂಗಳಕ್ಕ ಹಾಕ್ತೀವ್ರಿ. ಗಟ್ಟಿದು ಲಾರಿ ಏರಿ ದೂರ ಹೋಗ್ತದ. ನೀವು ಕಾಲೇಜಿನ್ಯಾಗ ಉಳದಿದ್ದು ಬರೋಬರ್ ಅದ. ಇವನ್ನ ಲಾರಿ ಏರಸ್ರಿ."

ಎಲ್ಲಾ ಮುಟ್ಟಿ ಬಂದೀನ್ರಿ

ಸೋತೆ ಅನ್ನುವ ಜಾತಿ ನನ್ನದಲ್ಲ. ತಂಡದ ಮ್ಯಾನೇಜರಿಗೆ ಫೋನ್ ಮಾಡಿ, ಆರನೇ ಸೆಮಿಸ್ಟರ್ ಮುಗಿಯುವ ತನಕ ಕಾಯಿರಿ ಎಂದು ಕೇಳಿದೆ. ಚಿಂಚೋಳಿಯಲ್ಲಿ ಅಂತರ ಕಾಲೇಜು ಪಂದ್ಯ ಇದೆಯಲ್ಲ, ಅಲ್ಲಿ ಹುಡುಗನ ಆಟ ನೋಡಿ ಹೇಳುತ್ತೇನೆ ಅಂದರು. ಅಷ್ಟು ಸಾಕಾಗಿತ್ತು. ರೇಡರನೂ, "ಅವ್ರು ಕಾಯ್ತಾರಂದ್ರ ನಾ ಬರೀತೀನ್ರಿ" ಎಂದು ಒಪ್ಪಿದ.

ಬರೆಯುವುದು ಹೇಗೆ ಅನ್ನುವುದು ಅರ್ಥಶಾಸ್ತ್ರದ ಕಿರುಪರೀಕ್ಷೆಯಲ್ಲಿ ಗೊತ್ತಾಯಿತು. ಹತ್ತು ಪ್ರಶ್ನೆಗಳಲ್ಲಿ ಐದಕ್ಕೆ ಉತ್ತರಿಸಿ ಎಂದಿತ್ತು. ಇವನು ಹತ್ತಕ್ಕೂ ಎರಡೆರಡು ಸಾಲು ಬರೆದು ಇಪ್ಪತ್ತು ನಿಮಿಷಕ್ಕೆ ಹೊರಗೆ ಬಂದಿದ್ದ. ಅರ್ಥಶಾಸ್ತ್ರದ ಮೇಡಂ ಅವನನ್ನೂ ಉತ್ತರಪತ್ರಿಕೆಯನ್ನೂ ಹಿಡಿದು ನನ್ನ ಬಳಿ ಬಂದರು.

"ಇದೇನೋ ಇದು?" ಅಂದೆ.

"ಸರ್, ಒಳಗ ಭಾಳ ಹೊತ್ತು ನಿಂತ್ರ ಹಿಡೀತಾರ್ರಿ. ಅದಕ್ಕೇ ಎಲ್ಲಾ ಮುಟ್ಟಿ ಬಂದೀನ್ರಿ."

ಮೇಡಂ ಪತ್ರಿಕೆಯನ್ನು ನನ್ನ ಮೇಜಿನ ಮೇಲಿಟ್ಟರು. "ಹತ್ತು ಮುಟ್ಟಿದೀಪಾ, ಒಂದೂ ಔಟ್ ಆಗಿಲ್ಲ. ನೀನೇ ಔಟ್."

ಚಿಂಚೋಳಿಯಲ್ಲಿ ಬೇಡಿಕೆ

ಕೂತು ಓದುವ ಹುಡುಗ ಅವನಲ್ಲ ಎಂದ ಮೇಲೆ ಓಡುತ್ತಲೇ ಓದಿಸಬೇಕು. ಉಪಾಯ ನನ್ನದೇ, ಪಾಪವೂ ನನ್ನದೇ. ರೇಡಿಗೆ ಹೋದವನು ಉಸಿರು ಬಿಡದೆ "ಕಬಡ್ಡಿ ಕಬಡ್ಡಿ" ಅನ್ನುತ್ತಿರಬೇಕಲ್ಲ, ಅಭ್ಯಾಸದಲ್ಲಿ ಅದರ ಬದಲು ಪಾಠ ಹೇಳು ಅಂದೆ. ಮೇಡಂ ಮೈದಾನದ ಬದಿಗೆ ಕುರ್ಚಿ ಹಾಕಿಕೊಂಡು, ತಲೆಯ ಮೇಲೆ ಸೆರಗು ಹೊದ್ದು, ಪುಸ್ತಕ ತೆರೆದು ಕೂತರು. ತಪ್ಪು ಹೇಳಿದರೆ ಅವರು ಕೈ ಎತ್ತಬೇಕು, ನಾನು ಸೀಟಿ ಊದಬೇಕು.

ಒಂದೇ ತಿಂಗಳಲ್ಲಿ ಹುಡುಗ ಅರ್ಧ ಪುಸ್ತಕ ಬಾಯಿಪಾಠ ಮಾಡಿದ. ಅವನನ್ನು ಹಿಡಿಯಲು ನಿಂತ ಏಳು ಮಂದಿಗೂ ಕೇಳಿ ಕೇಳಿ ಬಂತು. ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ.

ಚಿಂಚೋಳಿಯಲ್ಲಿ ಫೈನಲ್. ಮ್ಯಾನೇಜರ್ ಮಾತಿನಂತೆ ಬಂದು ಮೊದಲ ಸಾಲಿನಲ್ಲಿ ಕೂತಿದ್ದರು. ಬಾಗಲಕೋಟೆ ಕಡೆಯವರು, ಒಂದು ಕಾಲಕ್ಕೆ ತಾವೇ ಒಳ್ಳೆಯ ಆಟಗಾರ. ಆಟ ಮುಗಿಯಲು ಅರ್ಧ ನಿಮಿಷ, ಎರಡೂ ತಂಡ ಸಮ ಸಮ. ನಮ್ಮ ರೇಡರ್ ನುಗ್ಗಿದ. ಎಡಕ್ಕೆ ಒಬ್ಬನನ್ನು ಮುಟ್ಟಿದ, ಬಲಕ್ಕೆ ಒಬ್ಬನನ್ನು ಮುಟ್ಟಿದ, ಹಾರಿ ಗೆರೆ ದಾಟಿದ. ನಾವೆಲ್ಲ ಎದ್ದು ಕುಣಿದೆವು.

ರೆಫ್ರಿ ಸೀಟಿ ಊದಿ ನನ್ನನ್ನು ಕರೆದರು. "ಮಾಸ್ತರ್ರಾ, ನಿಮ್ಮ ಹುಡುಗ ಒಳಗ ಏನ್ ಅನ್ಲಿಕತ್ತಿದ್ದ?"

ನನ್ನ ಕಿವಿಗೂ ಬಿದ್ದಿತ್ತು. ಬೆಲೆ ಇಳಿದ್ರ ಬೇಡಿಕೆ ಏರ್ತದ, ಬೆಲೆ ಏರಿದ್ರ ಬೇಡಿಕೆ ಇಳೀತದ. ಗಡಿಬಿಡಿಯಲ್ಲಿ ನಾಲಿಗೆಗೆ ರೂಢಿಯಾದದ್ದೇ ಬಂದಿತ್ತು. "ಅರ್ಥಶಾಸ್ತ್ರ ರೀ" ಅಂದೆ.

"ಕಬಡ್ಡಿ ಅನ್ನಬೇಕ್ರಿ. ಬ್ಯಾರೆ ಏನೂ ನಡೆಯಂಗಿಲ್ಲ." ಎರಡೂ ಅಂಕ ಹೋದವು, ಎದುರಿನವರಿಗೆ ಒಂದು ಅಂಕ ಸಿಕ್ಕಿತು. ಒಂದೇ ಅಂಕದಲ್ಲಿ ಸೋತೆವು.

ರೇಡರ್ ತಲೆ ತಗ್ಗಿಸಿ ಕೂತ. ನನ್ನ ಹಟಕ್ಕೆ ಹುಡುಗನ ದಾರಿ ಮುಚ್ಚಿತಲ್ಲ ಎಂದು ಕೊರಳಿನ ಸೀಟಿ ತೆಗೆದು ಜೇಬಿಗೆ ತುರುಕಿದೆ. ಮ್ಯಾನೇಜರ್ ಎದ್ದು ನೆಟ್ಟಗೆ ನನ್ನ ಕಡೆಗೇ ಬಂದರು.

"ಸರ, ಉಸಿರು ಬಿಡದಂಗ ಅಷ್ಟುದ್ದ ಪಾಠ ಹೇಳಿ ಇಬ್ಬರನ್ನ ಹೊಡದ ಬಂದಾನ. ಬರೇ ಕಬಡ್ಡಿ ಅನ್ನಾಕ ಬಿಟ್ರ ಏನ್ ಮಾಡ್ಯಾನು! ನನಗ ಇಂವ ಬೇಕು." ಒಂದು ಕರಾರು ಹಾಕಿದರು: ಕೊನೆಯ ಪೇಪರ್ ದಿನ ತಾವೇ ಕರೆದೊಯ್ಯಲು ಬರುತ್ತಾರೆ. ಅವತ್ತು ಸಂಜೆ ವಾಡಿಯಲ್ಲಿ ರೈಲು ಹಿಡಿಯಬೇಕು. ಮರುದಿನ ಮುಂಜಾನೆ ಕ್ಯಾಂಪಿನಲ್ಲಿ ಹಾಜರಿ ಬೀಳದಿದ್ದರೆ ಜಾಗ ಬೇರೆಯವನಿಗೆ.

ಕಪ್ ಎತ್ತಿಕೊಂಡು ಹೊರಟಿದ್ದ ಗೆದ್ದ ತಂಡದ ಕ್ಯಾಪ್ಟನ್ ನನ್ನ ಹತ್ತಿರ ನಿಂತು ಮೆಲ್ಲಗೆ ಕೇಳಿದ: "ಸರ್, ಆ ಬೇಡಿಕೆದು ಮುಂದ ಏನ್ರಿ? ನಾಳಿ ನಮ್ಮದೂ ಪರೀಕ್ಷೆ ಅದ."

ಕೊನೆಯ ಪೇಪರ್

ಹುಡುಗ ಪಾಸಾದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ನೀವು ಅದೇ ಚಿಂತೆಯಲ್ಲಿ ಉಳಿದದ್ದನ್ನು ಸರಿಯಾಗಿ ಕೇಳುವುದಿಲ್ಲ. ಆದರೆ ಅವತ್ತು ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ.

ಪೇಪರ್ ಮಧ್ಯಾಹ್ನ ಎರಡರಿಂದ ಐದು. ರೈಲು ವಾಡಿಯಲ್ಲಿ ಆರಕ್ಕೆ. ನಡುವೆ ಜೀಪಿನಲ್ಲಿ ಅರ್ಧ ತಾಸಿನ ದಾರಿ, ರೈಲ್ವೆ ಗೇಟು ಬಿದ್ದರೆ ಎಷ್ಟೆಂದು ಹೇಳಲಾಗದು. ಮ್ಯಾನೇಜರ್ ಮೂರಕ್ಕೇ ಬಂದು ಬೇವಿನ ಮರದ ಕೆಳಗೆ ಜೀಪ್ ನಿಲ್ಲಿಸಿದರು.

"ನಾಕಕ್ಕ ಹೊರಗ ಬರ್ತಾನಲ್ರಿ?"

"ಬರ್ತಾನ್ರಿ. ಅಂವ ಎಂದೂ ಪೂರ್ತಿ ಕುಂತವನೇ ಅಲ್ಲ" ಅಂದೆ.

ನಾಲ್ಕಾಯಿತು, ಬರಲಿಲ್ಲ. ನಾಲ್ಕೂವರೆಗೆ ನನಗೆ ಕೂರಲಾಗಲಿಲ್ಲ. ಆರು ತಿಂಗಳು ಕೂತು ಬರೆ, ಕೂತು ಬರೆ ಎಂದು ಜೀವ ತಿಂದವನು ಈಗ ವರಾಂಡಾದಲ್ಲಿ ನಿಂತು ಕಿಟಕಿಯೊಳಗೆ ಕೈಸನ್ನೆ ಮಾಡತೊಡಗಿದೆ: ಸಾಕು, ಎದ್ದು ಬಾ! ಕೊಠಡಿ ಕಾಯುತ್ತಿದ್ದ ಸೇಡಂ ಕಡೆಯ ಮಾಸ್ತರರು ಹೊರಗೆ ಬಂದು ನನ್ನ ಮೇಲೇ ಹರಿಹಾಯ್ದರು. "ಏನ್ರಿ ಇದು, ಹುಡುಗಗ ಉತ್ತರ ಹೇಳಿ ಕೊಡ್ಲಿಕತ್ತೀರೇನು?"

"ಉತ್ತರ ಗೊತ್ತಿದ್ರ ನಾ ಯಾಕ ಪಿ.ಟಿ. ಮಾಸ್ತರ ಆಗ್ತಿದ್ನಿರಿ?" ಅಂದೆ.

ಅಷ್ಟರಲ್ಲಿ ಒಳಗೆ ರೇಡರ್ ಎದ್ದು ನಿಂತ. ಅಂತೂ ಬಂದ ಅಂದುಕೊಂಡೆ. ಅವನು ಕೈ ಚಾಚಿ ಹೆಚ್ಚುವರಿ ಹಾಳೆ ಕೇಳಿದ. ಅವನ ಜೀವಮಾನದ ಮೊದಲ ಹೆಚ್ಚುವರಿ ಹಾಳೆ! ನನಗೆ ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ, ಎರಡೂ ಒಟ್ಟಿಗೇ ಬಂದವು.

ಮರದ ಕೆಳಗೆ ಬಂದು ಮ್ಯಾನೇಜರರನ್ನು ಮಾತಿಗೆಳೆದೆ, ಗಡಿಯಾರ ನೋಡದಿರಲಿ ಎಂದು. "ನೀವು ಎಲ್ಲಿ ತನಕ ಓದೀರಿ?"

"ಬಿ.ಎ. ಎರಡನೇ ವರ್ಷಕ್ಕ ಬಿಟ್ಟೆ ಸರ. ಎಂಟು ವರ್ಷ ಆಡಿದೆ. ಹ್ವಾದ ವರ್ಷ ಒಂದು ಚಲೋ ನೌಕರಿಗೆ ಕರದಿದ್ರು. ಮೆಡಲ್ ನೋಡಿದ್ರು, ಫೋಟೋ ನೋಡಿದ್ರು, ಕೈ ಕುಲುಕಿದ್ರು. ಆಮ್ಯಾಲ ಡಿಗ್ರಿ ಸರ್ಟಿಫಿಕೇಟ್ ಎಲ್ಲಿ ಅಂದ್ರು." ಅವರು ನಕ್ಕರು. ನನಗೆ ನಗು ಬರಲಿಲ್ಲ.

ಹಿಂದೆ ನಮ್ಮ ಪ್ರಿನ್ಸಿಪಾಲರು ನಿಂತಿದ್ದನ್ನು ನಾವಿಬ್ಬರೂ ನೋಡಿರಲಿಲ್ಲ. ಕಾಲೇಜಿನಲ್ಲಿ ದೂರ ಶಿಕ್ಷಣದ ಕೇಂದ್ರ ತೆರೆದಾಗಿನಿಂದ ಅವರಿಗೆ ಡಿಗ್ರಿ ಇಲ್ಲದ ಮನುಷ್ಯನ ವಾಸನೆ ದೂರದಿಂದಲೇ ಹತ್ತುತ್ತದೆ. "ವಯಸ್ಸೇನೂ ಅಡ್ಡಿ ಇಲ್ರಿ. ಆದ್ರ ಅರ್ಜಿ ಕೊಡ್ಲಿಕ್ಕೆ ಇವತ್ತೇ ಕೊನೀ ದಿನ" ಎನ್ನುತ್ತ ಮ್ಯಾನೇಜರರ ಕೈ ಹಿಡಿದು ಒಳಗೆ ನಡೆದೇಬಿಟ್ಟರು. ಅವರ ಲೆಕ್ಕದಲ್ಲಿ ವರ್ಷವಿಡೀ ಕೊನೆಯ ದಿನವೇ.

ಐದರ ಗಂಟೆ ಬಾರಿಸಿತು. ರೇಡರ್ ಬೆರಳಿಗೆಲ್ಲ ಮಸಿ ಮೆತ್ತಿಕೊಂಡು, ಚೀಲ ಹೆಗಲಿಗೇರಿಸಿ, ಓಡುತ್ತ ಬಂದು ಜೀಪು ಹತ್ತಿ ಕೂತ. "ಐದಕ್ಕ ಐದೂ ಪೂರ್ತಿ ಬರದೀನ್ರಿ ಸರ್! ನಡೀರಿ, ಇನ್ನ ಟೈಮ್ ಅದ."

ಜೀಪಿತ್ತು, ಡ್ರೈವರ್ ಇದ್ದ. ಮ್ಯಾನೇಜರ್ ಇರಲಿಲ್ಲ. ಆಫೀಸಿಗೆ ಓಡಿದೆ. ಕಿಟಕಿಯ ಮುಂದೆ ನಾಲಿಗೆ ಕಚ್ಚಿಕೊಂಡು ಅರ್ಜಿ ತುಂಬುತ್ತಿದ್ದರು. "ಹತ್ತೇ ಮಿನಿಟು ಸರ. ಎರಡು ಫೋಟೋ ಬೇಕಂತ" ಎಂದು ಎದುರಿನ ಸ್ಟುಡಿಯೋಗೆ ಹೋದರು. ನಮ್ಮ ಊರಿನ ಫೋಟೋದವನು ಗಿರಾಕಿಗೆ ಮುಖ ತೊಳೆಸಿ, ತಲೆ ಬಾಚಿಸಿ, ಅಂಗಡಿಯ ಕೋಟು ತೊಡಿಸದೆ ಫೋಟೋ ತೆಗೆದವನೇ ಅಲ್ಲ. ಕೋಟಿನ ತೋಳಿನೊಳಗೆ ಕಬಡ್ಡಿ ಆಡಿದ ಆ ಕೈ ಹೋಗಲಿಲ್ಲ. ಬೇರೆ ಕೋಟು ಹುಡುಕಬೇಕಾಯಿತು.

ವಾಡಿ ಸ್ಟೇಷನ್ ಮುಟ್ಟಿದಾಗ ನಮಗೆ ಕಂಡದ್ದು ರೈಲಿನ ಕೊನೆಯ ಡಬ್ಬಿ. ಮ್ಯಾನೇಜರ್ ಕ್ಯಾಂಪಿಗೆ ಫೋನ್ ಹಚ್ಚಿದರು. "ಜಾಗಾ ಹಿಡೀರಿ, ನಾಳೆ ಮಧ್ಯಾಹ್ನ ಬರ್ತೇವಿ, ಜವಾಬ್ದಾರಿ ನಂದು. ಏನ್ ಮಾಡೂದು, ಹುಡುಗನ ಪರೀಕ್ಷಾ ಮುಗಿಯೂದು ತಡ ಆತು" ಅಂದರು, ಕಣ್ಣು ಕೂಡ ಪಿಳುಕಿಸದೆ. ಆಚೆಯವರು ಹೂಂ ಅಂದರಂತೆ.

ಕೈಯಲ್ಲಿ ಫೋಟೋದ ಲಕೋಟೆ ಹಿಡಿದು ಕೂತಿದ್ದ ಮ್ಯಾನೇಜರರನ್ನು ನಮ್ಮ ರೇಡರ್ ಅಡಿಯಿಂದ ಮುಡಿಯ ತನಕ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ಇಡೀ ಪ್ಲಾಟ್‌ಫಾರ್ಮಿಗೆ ಕೇಳುವಂತೆ ಹೇಳಿದ:

"ಸರ್, ಇವ್ರಿಗಿ ನೀವೇ ತಿಳಿಸಿ ಹೇಳ್ರಿ. ಡಿಗ್ರಿ ಎಲ್ಲಿಗಿ ಓಡಿ ಹೋಗ್ತದ್ರಿ? ಮದಲ ಆಟ ನೋಡ್ಕೋಬೇಕು!"