ಬಾವಿಕಟ್ಟೆಯಿಂದ ಮಂಗಳೂರಿಗೆ

ಮದುವೆಯ ಏರ್ಪಾಡನ್ನು ಯಾರು ಬೇಕಾದರೂ ಮಾಡಬಹುದು, ಮದುಮಗಳೊಬ್ಬಳು ಮಾತ್ರ ಮಾಡಬಾರದು ಎಂಬುದು ನಮ್ಮ ಕಡೆಯ ಅಲಿಖಿತ ಕಾನೂನು. ಚಪ್ಪರ ಎಲ್ಲಿಂದ ಎಲ್ಲಿಯವರೆಗೆ ಹಾಕಬೇಕೆಂದು ದೂರದ ಸೋದರಮಾವ ಹೇಳಬಹುದು, ಹಂದಿಸಾರಿಗೆ ಎಷ್ಟು ಕಾಚಂಪುಳಿಯ ಹುಳಿ ಬಿಡಬೇಕೆಂದು ಕರೆಯದೇ ಬಂದ ನೆಂಟ ಹೇಳಬಹುದು, ಸೀರೆಯ ಬಣ್ಣವನ್ನು ಕಣ್ಣು ಕಾಣಿಸದ ಅಜ್ಜಿ ಆರಿಸಬಹುದು. ಮದುಮಗಳು ಮಾತ್ರ ತಲೆ ತಗ್ಗಿಸಿಕೊಂಡು ಕುಳಿತಿರಬೇಕು. ನನಗೆ ತಲೆ ತಗ್ಗಿಸಲು ಬರುತ್ತಿತ್ತು. ತಗ್ಗಿಸಿದ ತಲೆಯ ಒಳಗೆ ಏನೇನು ಓಡುತ್ತಿದೆ ಎಂದು ಯಾರೂ ಕೇಳುವುದಿಲ್ಲ ಎಂಬುದೂ ಗೊತ್ತಿತ್ತು. ಹಾಗಾಗಿ ನನ್ನ ಮದುವೆಯನ್ನು, ಅದಕ್ಕಿಂತ ಹೆಚ್ಚಾಗಿ ಮದುವೆಯ ನಂತರದ ಒಂದು ಪ್ರಯಾಣವನ್ನು, ನಾನೇ ಕುಳಿತಲ್ಲಿಂದ ಏರ್ಪಡಿಸಿದೆ. ಅದರ ಫಲ ಏನಾಯಿತೆಂದು ಹೇಳುತ್ತೇನೆ, ಕೇಳಿ.

ನನ್ನಪ್ಪ ಮಾದಾಪುರದ ಹತ್ತಿರ ಒಬ್ಬ ಬಿಳಿ ದೊರೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಆ ದೊರೆ ವಿಲಾಯತಿಗೆ ಹೋಗಿ ಮದುವೆಯಾಗಿ ಬಂದ ವರ್ಷ ನಾನು ಮಡಿಕೇರಿಯಲ್ಲಿ ಶಾಲೆ ಮುಗಿಸಿ ಮನೆಯಲ್ಲಿದ್ದೆ. ಹೊಸ ದೊರೆಸಾನಿಗೆ ಮಾತಾಡಲು ಜನ ಬೇಕಿತ್ತು, ನನಗೆ ನಾಲ್ಕು ಇಂಗ್ಲಿಷ್ ಮಾತು ಆಡಿ ಜಂಬ ಕೊಚ್ಚಬೇಕಿತ್ತು. ಆಕೆಯ ಬಾಯಿಂದಲೇ ನಾನು ‘ಹನಿಮೂನ್’ ಎಂಬ ಮಾತನ್ನು ಮೊದಲು ಕೇಳಿದ್ದು. ಅದು ಯಾವುದೋ ತಿಂಡಿ ಇರಬೇಕು ಎಂದುಕೊಂಡು ಮಾಡುವ ಕ್ರಮ ಕೇಳಿದೆ. ಆಕೆ ನಕ್ಕು ನಕ್ಕು ಸುಸ್ತಾಗಿ, ಮದುವೆಯಾದ ಮೇಲೆ ಗಂಡ ಹೆಂಡತಿ ಹೊಸ ಊರು ನೋಡಲು ಹೋಗುವುದು ಎಂದು ಬಿಡಿಸಿ ಹೇಳಿದಳು. ತಾನು ಹಡಗಿನಲ್ಲಿ ಬಂದದ್ದು, ಎಷ್ಟೋ ದಿನ ನೀರು ಬಿಟ್ಟು ಬೇರೇನೂ ಕಾಣದಿದ್ದದ್ದು, ಎಲ್ಲವನ್ನೂ ಹೇಳಿದಳು. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಆವತ್ತೇ ತೀರ್ಮಾನ ಮಾಡಿದೆ, ನನಗೆ ಮದುವೆ ಅಂತ ಆದರೆ ನಾನು ಸಮುದ್ರ ನೋಡಬೇಕು.

ಸಮುದ್ರದ ಮೇಲೆ ನನಗೆ ಒಂದು ಹಳೆಯ ಹೊಟ್ಟೆಕಿಚ್ಚೂ ಇತ್ತು. ನಮ್ಮ ಮನೆಯ ಸ್ವಂತ ಪುಟ್ಟ ತೋಟದ ಕಾಫಿ ಪ್ರತಿ ವರ್ಷ ಮೂಟೆಯಾಗಿ ಎತ್ತಿನ ಗಾಡಿ ಹತ್ತಿ ಮಂಗಳೂರಿಗೆ ಹೋಗುತ್ತಿತ್ತು. ನಾನೇ ಕೊಯ್ದ, ನಾನೇ ಕಣದಲ್ಲಿ ಒಣಗಿಸಿದ ಕಾಫಿ! ಅದು ಸಮುದ್ರ ನೋಡುತ್ತಿತ್ತು, ಹಡಗು ಹತ್ತುತ್ತಿತ್ತು. ಅದನ್ನು ಬೆಳೆದ ನಾನು ಮಾತ್ರ ಗಾಡಿಯ ಹಿಂದೆ ಗೇಟಿನವರೆಗೆ ಹೋಗಿ ವಾಪಸ್ಸು ಬರುತ್ತಿದ್ದೆ. ಗಾಡಿ ತಿರುಗಿ ಬರುವಾಗ ಉಪ್ಪು, ಒಣಮೀನು ತರುತ್ತಿತ್ತು. ಸಮುದ್ರದ ಪೈಕಿ ನನಗೆ ಗೊತ್ತಿದ್ದದ್ದು ಆ ವಾಸನೆ ಮಾತ್ರ.

ದೇವರ ದಯೆ, ನನಗೆ ಗೊತ್ತಾದ ಗಂಡಿನ ಮನೆ ಮದೆನಾಡಿನಲ್ಲಿತ್ತು. ಮಡಿಕೇರಿಯಿಂದ ಮಂಗಳೂರಿಗೆ ಇಳಿಯುವ ದಾರಿ ಆ ಮನೆಯ ಕೆಳಗೇ ಹಾದು ಹೋಗುತ್ತದೆ. ದಿನಾ ಮಧ್ಯಾಹ್ನ ಮಂಗಳೂರಿನ ಮೋಟಾರು ಬಸ್ಸು ಅಲ್ಲಿ ಹಾಯುತ್ತದೆ, ಕೈ ತೋರಿಸಿದರೆ ನಿಲ್ಲುತ್ತದೆ. ನೋಡಲು ಬಂದ ಗಂಡು ಮಡಿಕೇರಿಯ ಕಚೇರಿಯಲ್ಲಿ ಗುಮಾಸ್ತರು, ಮಿತಭಾಷಿ, ಮೀಸೆ ಚೆನ್ನಾಗಿದೆ ಎಂದೆಲ್ಲ ಮನೆಯವರು ಮಾತಾಡುತ್ತಿದ್ದಾಗ ನಾನು ಯೋಚಿಸುತ್ತಿದ್ದದ್ದು ಆ ಬಸ್ಸನ್ನು. ನಾನು ತಲೆಯಾಡಿಸಿದೆ. ಗಂಡು ಒಪ್ಪಿಗೆಯಾಯಿತೆಂದು ಎಲ್ಲರೂ ಸಂತೋಷಪಟ್ಟರು.

ಆ ಗಂಡಿನ ತಂಗಿ ಸೀತು ಮಡಿಕೇರಿಯಲ್ಲಿ ನನ್ನ ಜೊತೆ ಓದಿದವಳು. ಮದುವೆಯ ಮಾರನೆಯ ದಿನವೇ ಸಮುದ್ರ ನೋಡಲು ಹೋಗೋಣ ಎಂದು ಅವಳ ಮೂಲಕ ಅಣ್ಣನಿಗೆ ಸುದ್ದಿ ಮುಟ್ಟಿಸಿದೆ. ‘ಆಗಲಿ’ ಎಂದು ಒಂದೇ ಮಾತಿನ ಉತ್ತರ ಬಂತು. ಮಿತಭಾಷಿ ಎಂದದ್ದು ಸುಳ್ಳಲ್ಲ. ನಮ್ಮವ್ವನಿಗೆ ಹೇಳುವುದೇ ಕಷ್ಟವಾಯಿತು. ಅವಳು ಅಕ್ಕಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು.

“ಮೊದುವೆಗೆ ಮುಂದೆ ಓಡಿ ಹೋದವ್ರ ಕಥೆ ಕೇಳ್ಯೊಳೆ. ಮೊದುವೆ ಆದ ಮೇಲೆ ಗಂಡನ ಕೂಡೆ ಓಡಿ ಹೋದು ಎಂತಕೆ? ಬೇಡಾಂತ ಯಾರ್ ಹೇಳ್ದವು?”

“ಓಡಿ ಹೋದಲ್ಲ ಅವ್ವ, ಕಡಲ್ ನೋಡಿಕೆ ಹೋದು.”

“ಕಡಲ್ ಎಲ್ಲಿಗೂ ಹೋದುಲೆ. ಮೊದ್ಲ್ ಗಂಡನ ಮನೆ ಬಾವಿ ನೋಡ್.”

ಬಾವಿ! ಅವ್ವ ಸಿಟ್ಟಿನಲ್ಲಿ ಆಡಿದ ಆ ಮಾತಿನಿಂದಲೇ ನನಗೆ ನೆನಪಾಯಿತು. ಬಸ್ಸಿನ ಸಂಭ್ರಮದಲ್ಲಿ ನಾನು ಗಂಗೆಪೂಜೆಯನ್ನು ಮರೆತೇಬಿಟ್ಟಿದ್ದೆ. ಕೊಡಗಿನವರಿಗೆ ಇದನ್ನು ಹೇಳಬೇಕಾಗಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ಗಂಡನ ಮನೆಗೆ ಬಂದ ಹೊಸ ಸೊಸೆ ಬಾವಿಗೆ ಪೂಜೆ ಮಾಡಿ, ನೀರು ಸೇದಿ, ಬಿಂದಿಗೆಯನ್ನು ತಲೆಯ ಮೇಲಿಟ್ಟುಕೊಂಡು ಅಡಿಗೆಮನೆಗೆ ತರಬೇಕು. ಬಾವಿಯಿಂದ ಅಡಿಗೆಮನೆಗೆ ಎಷ್ಟು ದೂರ? ಒಂದು ಕೂಗಳತೆಯೂ ಇರುವುದಿಲ್ಲ. ಆದರೆ ವಾಲಗ ಶುರುವಾಗುತ್ತದೆ, ಗಂಡಿನ ಕಡೆಯವರೆಲ್ಲ ಅವಳ ಮುಂದೆ ಅಡ್ಡ ನಿಂತು ಕುಣಿಯುತ್ತಾರೆ. ಅವರು ದಾರಿ ಬಿಟ್ಟಷ್ಟೇ ಅವಳು ಹೆಜ್ಜೆ ಇಡಬೇಕು. ಮಾತಾಡುವಂತಿಲ್ಲ, ಬಿಂದಿಗೆ ಇಳಿಸುವಂತಿಲ್ಲ, ಮುಖ ಸಿಂಡರಿಸುವಂತಿಲ್ಲ. ಕುಣಿಯುವವರಿಗೆ ಸಾಕೆನಿಸುವವರೆಗೆ ನಿಲ್ಲಬೇಕು. ಮದುವೆಯ ಮಾರನೆಯ ದಿನ ಬೆಳಗ್ಗೆ ಈ ಶಾಸ್ತ್ರ, ಮಧ್ಯಾಹ್ನ ಬಸ್ಸು.

“ಅತ್ತಿಗೆ, ನಮ್ಮ ಮನೆಯವು ಕುಣಿಕೆ ನಿಂತರೆ ಹೊತ್ತು ಮುಳುಗಿದೂ ಗೊತ್ತಾದುಲೆ” ಎಂದು ಸೀತು ಹೆದರಿಸಿದಳು.

ನಾನು ಸುಮ್ಮನೆ ಕೂರುವವಳಲ್ಲ. ಮೊದಲು ಕತ್ತನ್ನು ಸಿದ್ಧಪಡಿಸಿದೆ. ದಿನಾ ಅಂಗಳದಲ್ಲಿ ಸಿಂಬಿಯ ಮೇಲೆ ತುಂಬಿದ ಬಿಂದಿಗೆ ಇಟ್ಟುಕೊಂಡು ಅಲುಗಾಡದೆ ನಿಲ್ಲುವ ಅಭ್ಯಾಸ ಮಾಡಿದೆ. ನೆರೆಯವರು ಇದು ಯಾವುದೋ ವ್ರತ ಎಂದುಕೊಂಡು ನಮಸ್ಕಾರ ಮಾಡಿ ಹೋಗತೊಡಗಿದರು. ಆಮೇಲೆ ಕುಣಿಯುವವರನ್ನು ಬೇಗ ಸುಸ್ತು ಮಾಡುವುದು ಹೇಗೆಂದು ಯೋಚಿಸಿದೆ. ನನ್ನಪ್ಪ ಭಾನುವಾರ ಹೊಟ್ಟೆ ತುಂಬ ಹಂದಿಸಾರು, ಕಡುಬು ತಿಂದರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ಅದನ್ನು ನೋಡಿಯೇ ನನಗೆ ಆ ಮಹಾ ಉಪಾಯ ಹೊಳೆದದ್ದು. ಸಾಮಾನ್ಯವಾಗಿ ನೀರು ಒಳಗೆ ಬಂದ ಮೇಲೆ ಊಟ. ಅದನ್ನು ತಿರುವು ಮುರುವು ಮಾಡಿಸಿದರೆ? ಬೆಳಗ್ಗೆಯೇ ನೆಂಟರಿಗೆಲ್ಲ ಗಟ್ಟಿ ಊಟ ಹಾಕಿಸಿದರೆ ಯಾರು ತಾನೇ ಕಾಲೆತ್ತುತ್ತಾರೆ? ‘ದೂರದಿಂದ ಬಂದವರು ಹಸಿದು ಕುಣಿಯುವುದನ್ನು ನೋಡಲು ನನ್ನ ಕೈಲಿ ಆಗುವುದಿಲ್ಲ’ ಎಂದು ಸೀತುವಿನ ಮೂಲಕ ಅತ್ತೆಗೆ ಹೇಳಿ ಕಳಿಸಿದೆ. ಅತ್ತೆ ಕಣ್ಣೀರು ಹಾಕಿದರಂತೆ. “ಬರುವ ಸೊಸೆಗೆ ನೆಂಟರ ಹೊಟ್ಟೆ ಮೇಲೆ ಎಷ್ಟ್ ಅಕ್ಕರೆ!” ಎಂದು ಊರೆಲ್ಲ ಹೇಳಿಕೊಂಡು ಬಂದು, ಒಂದರ ಬದಲು ಎರಡು ಹಂದಿ ಕಡಿಸಿದರು.

ಮದುವೆ ಚೆನ್ನಾಗಿ ಆಯಿತು. ಅದರ ಬಗ್ಗೆ ನಾನು ಹೆಚ್ಚು ಹೇಳಲಾರೆ. ತಲೆ ತಗ್ಗಿಸಿದ್ದರಿಂದ ನನಗೆ ಕಂಡದ್ದು ಜನರ ಪಾದಗಳು ಮಾತ್ರ. ಮಾರನೆಯ ಬೆಳಗ್ಗೆ ಬಾವಿಕಟ್ಟೆಯಲ್ಲಿ ತೆಂಗಿನಕಾಯಿ ಒಡೆದು, ನೀರು ಸೇದಿ, ಬಿಂದಿಗೆ ಹೊತ್ತು ಎದ್ದು ನಿಂತೆ. ನನ್ನ ಟ್ರಂಕು ಆಗಲೇ ಗೇಟಿನ ಬಳಿ ಕಾಯುತ್ತಿತ್ತು. ಎಲ್ಲರೂ ಊಟ ಮುಗಿಸಿ ತೇಗುತ್ತಾ ಬರುತ್ತಿದ್ದರು. ಗೆದ್ದೆ ಎಂದುಕೊಂಡೆ.

ಕೊಂಬು ಕೂಗಿತು, ಡೋಲಿಗೆ ಪೆಟ್ಟು ಬಿತ್ತು. ಉಂಡ ಕೊಡಗಿನವನಿಗೆ ನಿದ್ದೆ ಬರುತ್ತದೆ ಎಂಬ ನನ್ನ ಲೆಕ್ಕಾಚಾರದಲ್ಲಿ ಒಂದು ತಪ್ಪಿತ್ತು. ನನ್ನಪ್ಪ ಮಲಗುತ್ತಿದ್ದ ಭಾನುವಾರಗಳಲ್ಲಿ ವಾಲಗ ಇರುತ್ತಿರಲಿಲ್ಲ! ಹಸಿದು ಬಂದಿದ್ದರೆ ನಾಲ್ಕು ಹೆಜ್ಜೆ ಹಾಕಿ ಎಲೆಯ ಮುಂದೆ ಓಡುತ್ತಿದ್ದವರಿಗೆ ಈಗ ಯಾವ ಅವಸರವೂ ಇರಲಿಲ್ಲ. ಮೈಯಲ್ಲಿ ಎರಡು ಹಂದಿಯ ಬಲ ಬೇರೆ ಇತ್ತು. ಮಂಡಿನೋವೆಂದು ಹಿಂದಿನ ದಿನವೆಲ್ಲ ನರಳುತ್ತಿದ್ದ, ಮಾವನ ಅಣ್ಣ ದೊಡ್ಡ ಮಾವ ಸೊಂಟದ ದಟ್ಟಿ ಬಿಗಿದುಕೊಂಡು ಎಲ್ಲರಿಗಿಂತ ಮುಂದೆ ಬಂದರು. ನಾನು ಎರಡು ಹೆಜ್ಜೆ ಇಟ್ಟೆ, ನಿಂತೆ. ಮತ್ತೆ ಒಂದು ಹೆಜ್ಜೆ, ಮತ್ತೆ ನಿಂತೆ. ಬಿಸಿಲು ನೆತ್ತಿಗೇರುತ್ತಿತ್ತು. ಬಿಂದಿಗೆಯ ಅಂಚಿನಿಂದ ತಣ್ಣನೆಯ ಹನಿಯೊಂದು ಬೆನ್ನಿಗೆ ಇಳಿಯಿತು. ಕೆಳಗಿನ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ನಾನಿನ್ನೂ ಅಂಗಳದ ಅರ್ಧದಲ್ಲಿದ್ದೆ.

ಅಳು ಬಂತು, ಅಳುವಂತಿರಲಿಲ್ಲ. ಇವರು, ಅಂದರೆ ನನ್ನ ಗಂಡ, ದಾರಿಗೆ ಓಡಿ ಹೋಗಿ ಕೈ ತೋರಿಸಿದ್ದು, ಬಸ್ಸು ನಿಂತದ್ದು ಓರೆಗಣ್ಣಿಗೆ ಕಾಣಿಸಿತು. ಎಷ್ಟು ಹೊತ್ತು ನಿಂತೀತು? ಡ್ರೈವರು ಹಾರ್ನ್ ಒತ್ತಿ ಒತ್ತಿ ಬೇಸತ್ತು ಏರು ಹತ್ತಿ ಬಂದರು. “ಎಂತದು ಮಾರಾಯ್ರೆ ಇದು? ಬರುದಾದ್ರೆ ಬನ್ನಿ, ನಾನು ಹೋಗ್ಬೇಕಲ್ಲ!” ಎಂದರು. ಅವರ ಹಿಂದೆ ಪುತ್ತೂರಿನ ಕೋರ್ಟಿಗೆ ಹೊರಟಿದ್ದ ವಕೀಲರೊಬ್ಬರು ಇನ್ನೂ ದೊಡ್ಡ ದನಿಯಲ್ಲಿ ಬೈಯುತ್ತಾ ಬಂದರು. ದೊಡ್ಡ ಮಾವ ಇಬ್ಬರ ಕೈಯನ್ನೂ ಹಿಡಿದು ನಡುವೆ ಎಳೆದರು. ಡೋಲಿನವನು ಅವರತ್ತ ತಿರುಗಿ ಇನ್ನೊಂದು ಪೆಟ್ಟು ಜೋರಾಗಿ ಹಾಕಿದ. ವಕೀಲರ ಬಾಯಿ ಇನ್ನೂ ಬೈಯುತ್ತಿತ್ತು, ಕಾಲು ಕುಣಿಯತೊಡಗಿತ್ತು. ಡ್ರೈವರು ಕುಣಿದದ್ದು ಮಂಗಳೂರಿನ ಕಡೆಯ ಯಾವುದೋ ಕುಣಿತ, ನಮ್ಮ ವಾಲಗಕ್ಕೆ ಚೂರೂ ಹೊಂದುತ್ತಿರಲಿಲ್ಲ. ಆದರೂ ಏನು ಸೊಗಸು! ಬಸ್ಸಿನಲ್ಲಿದ್ದವರೆಲ್ಲ ಇಳಿದು ಬಂದರು. ಹಿಡಿಯಬೇಕಾದ ಬಸ್ಸೇ ಬಂದು ನನ್ನ ದಾರಿಗೆ ಅಡ್ಡ ನಿಂತು ಕುಣಿಯುತ್ತಿರುವಾಗ ತಪ್ಪಿಹೋಗುವ ಭಯ ಎಲ್ಲಿ ಉಳಿಯುತ್ತದೆ? ಅಲ್ಲಿಯವರೆಗೆ ದಾರಿಯನ್ನಷ್ಟೇ ನೋಡುತ್ತಿದ್ದವಳು ಆಗ ಮೊದಲ ಸಲ ಕುಣಿಯುವವರ ಮುಖ ನೋಡಿದೆ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಒಬ್ಬೊಬ್ಬರಾಗಿ ಹತ್ತಿರ ಬಂದು, ಕಣ್ಣಲ್ಲಿ ಕಣ್ಣಿಟ್ಟು ನಕ್ಕು, ಕೈ ಬೀಸಿ ಹಿಂದೆ ಸರಿಯುತ್ತಿದ್ದರು. ಹೆಸರು ಕೂಡ ಗೊತ್ತಿಲ್ಲದ ಇಷ್ಟು ಜನ ನನಗಾಗಿ ಬೆವರು ಸುರಿಸುತ್ತಿದ್ದಾರೆ ಎನಿಸಿತು. ಅಷ್ಟರಲ್ಲಿ ವಾಲಗ ನಿಧಾನವಾಯಿತು, ಗುಂಪು ಎರಡಾಗಿ ಸರಿಯಿತು. ಇವರ ಅಜ್ಜಿ ಬಂದರು. ಗೂನು ಬೆನ್ನು, ಕೈಯಲ್ಲಿ ಊರುಗೋಲು. ಮದುವೆಯುದ್ದಕ್ಕೂ ಮೂಲೆಯಲ್ಲಿ ಎಲೆಅಡಿಕೆ ಕುಟ್ಟುತ್ತಾ ಕುಳಿತಿದ್ದವರು. ಅವರು ಊರುಗೋಲನ್ನು ಸೀತುವಿನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿ, ಎರಡೂ ಕೈ ಎತ್ತಿದರು. ಕಾಲು ಹೆಚ್ಚು ಎತ್ತಲಿಲ್ಲ. ಮಣಿಕಟ್ಟು ತಿರುಗಿಸಿದರು, ಕತ್ತು ಕೊಂಕಿಸಿದರು, ಅಷ್ಟೇ. ಇಡೀ ಅಂಗಳ ಅವರನ್ನೇ ನೋಡಿತು. ಅಂಥ ಚೆಲುವನ್ನು ನಾನು ಅದುವರೆಗೆ ನೋಡಿರಲಿಲ್ಲ. ಆ ಮುದುಕಿ ಒಂದು ಕಾಲದಲ್ಲಿ ಇದೇ ಬಾವಿಯಿಂದ ಬಿಂದಿಗೆ ಹೊತ್ತು ಇದೇ ಅಂಗಳದಲ್ಲಿ ನಿಂತವಳು ಎಂದು ಆಗ ಹೊಳೆಯಿತು.

ಎಷ್ಟೋ ಹೊತ್ತಿನ ಮೇಲೆ ಡ್ರೈವರರ ದನಿ ಕೇಳಿಸಿತು. “ಅಮ್ಮಾ, ದಾರಿ ಬಿಟ್ಟು ಆಗಲೇ ಎಷ್ಟು ಹೊತ್ತಾಯ್ತು! ಇನ್ನಾದ್ರೂ ನಡೀರಿ ಮಾರಾಯ್ರೆ!” ನೋಡಿದರೆ ವಾಲಗ ನಿಂತಿದೆ, ಅಜ್ಜಿ ಎಲ್ಲೂ ಇಲ್ಲ, ಮುಂದೆ ಅಡಿಗೆಮನೆಯ ಬಾಗಿಲವರೆಗೆ ದಾರಿ ಖಾಲಿ. ಬಿಂದಿಗೆ ಹೊತ್ತು ಕಂಬದ ಹಾಗೆ ನಿಂತವಳು ನಾನೊಬ್ಬಳೇ. ಎಲ್ಲರೂ ಹೋ ಎಂದು ನಕ್ಕರು.

ನೀರು ಒಳಗಿಟ್ಟು, ಹಿರಿಯರ ಕಾಲಿಗೆ ಬಿದ್ದು, ಓಡೋಡಿ ಬಸ್ಸು ಹತ್ತಿದೆ. ಮುಂದಿನ ಸೀಟಿನಲ್ಲಿ, ಒಂದು ಗಂಟನ್ನು ಮಡಿಲಲ್ಲಿಟ್ಟುಕೊಂಡು, ಅಜ್ಜಿ ಕುಳಿತಿದ್ದರು.

“ನಾನೂ ಕಡಲ್ ನೋಡಿತ್ಲೆ ಮಗ್ಳೇ” ಎಂದು ಪಕ್ಕದ ಸೀಟನ್ನು ತಟ್ಟಿದರು. “ಬಾ, ಇಲ್ಲಿ ಜಾಗ ಉಟ್ಟು.”

ನಾನು ಇವರ ಮುಖ ನೋಡಿದೆ. ಮಿತಭಾಷಿಗಳು ಟ್ರಂಕು ಎತ್ತಿಕೊಂಡು ಹಿಂದಿನ ಸೀಟಿಗೆ ಹೋದರು. ಸಂಪಾಜೆ ಘಾಟಿಯ ಒಂದೊಂದು ತಿರುವಿನಲ್ಲೂ ಅಜ್ಜಿ ನನ್ನ ಮೇಲೆ, ನಾನು ಅಜ್ಜಿಯ ಮೇಲೆ ಬೀಳುತ್ತಾ ನಗುತ್ತಾ ಇಳಿದೆವು. ಪುತ್ತೂರಿನಲ್ಲಿ ವಕೀಲರು ಇಳಿದು, ತಮ್ಮ ಕೇಸು ಏನಾಗಿದೆಯೋ ಎಂದು ತಲೆ ಚಚ್ಚಿಕೊಳ್ಳುತ್ತಾ ಅಜ್ಜಿಗೆ ಕೈಮುಗಿದು ಹೋದರು.

ಮಾರನೆಯ ಬೆಳಗ್ಗೆ ಸಮುದ್ರ ಕಂಡಿತು. ಅದರ ವರ್ಣನೆಗೆ ನನ್ನ ಹತ್ತಿರ ಮಾತಿಲ್ಲ. ಬೆಟ್ಟದ ನಡುವೆ ಹುಟ್ಟಿ ಬೆಳೆದವಳಿಗೆ ಕಣ್ಣು ತಡೆಯುವ ಒಂದು ಗುಡ್ಡವೂ ಇಲ್ಲದ ನೀರೆಂದರೆ ಏನೆಂದು ಹೇಳಲಿ? ಅಜ್ಜಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ತುಂಬ ಹೊತ್ತು ನೋಡಿ, “ಇಷ್ಟ್ ನೀರ್‌ನ ಯಾವ ಸೊಸೆ ಹೊತ್ತ್ ತಂದತೋ!” ಎಂದರು. ಇಬ್ಬರೂ ಸೀರೆ ಎತ್ತಿ ಕಟ್ಟಿಕೊಂಡು ಮಂಡಿಯವರೆಗೆ ಇಳಿದೆವು. ಅಲೆ ಬಂದಾಗ ಇಬ್ಬರೂ ಒಟ್ಟಿಗೆ ಕಿರುಚಿದೆವು, ಹೋದಾಗ ಇನ್ನೊಂದು ಬರಲೆಂದು ಕಾದೆವು. ಇವರು ಹೊಸ ಬೂಟು ನೆನೆಯುತ್ತದೆಂದು ದೂರದ ಒಣ ಮರಳಿನ ಮೇಲೆ ಅಜ್ಜಿಯ ಎಲೆಅಡಿಕೆ ಚೀಲ ಹಿಡಿದು ನಿಂತಿದ್ದರು.

ಹನಿಮೂನಿಗೆ ಹೋಗಿ ಬಂದವಳೆಂದು ನಮ್ಮ ಕಡೆ ನನಗೆ ಈಗ ಒಂದು ಹೆಸರಿದೆ. ಮದುವೆ ಗೊತ್ತಾದ ಹುಡುಗಿಯರು ಬಂದು ಅಲ್ಲಿ ಏನೇನು ಇರುತ್ತದೆ, ಹೇಗಿರಬೇಕು ಎಂದು ಪಿಸುಮಾತಿನಲ್ಲಿ ಕೇಳುತ್ತಾರೆ. ನಾನು ಬಸ್ಸಿನ ಬಗ್ಗೆ, ಅಲೆಯ ಬಗ್ಗೆ, ಅಜ್ಜಿ ಕಿರುಚಿದ್ದರ ಬಗ್ಗೆ ಹೇಳುತ್ತಾ ಹೋಗುತ್ತೇನೆ. ಅವರು ಇನ್ನೇನೋ ಕೇಳಲು ಬಂದವರು ಮುಖ ಮುಖ ನೋಡಿಕೊಂಡು, “ಹಂಗಾದರೆ ಅಣ್ಣ ಎಲ್ಲಿ ಇದ್ದೊ?” ಎನ್ನುತ್ತಾರೆ. ಆಗ ನನಗೆ ಥಟ್ಟನೆ ನೆನಪಾಗುತ್ತದೆ.

“ಓ, ಅವೂ ಬಂದಿದ್ದೊ” ಎನ್ನುತ್ತೇನೆ.