ಅರೆತಲೆನೋವಿಗೆ ನೆಬ್ಯುಲಾ

ಇಂಗ್ಲಿಷ್ ಕಲಿಯುವುದರಲ್ಲಿ ಎರಡು ಹಂತಗಳಿವೆ ಎಂಬುದು ನನ್ನ ಅಭಿಪ್ರಾಯ. ನಾವು ಹೇಳಿದ್ದು ಜನರಿಗೆ ಅರ್ಥವಾಗುವುದು ಮೊದಲನೆಯದು. ಟೇಕಲ್ ಸ್ಟೇಷನ್ನಿನಲ್ಲಿ ರೈಲು ಎಷ್ಟು ತಡ ಎಂದು ಕೇಳುವಷ್ಟು ಬಂದರೆ ಅದು ಮುಗಿಯಿತು. ಯಾರಿಗೂ ಅರ್ಥವಾಗದಂತೆ ಮಾತಾಡುವುದು ಎರಡನೆಯದು. ಗೌರವ, ಬಡ್ತಿ, ಜರಿಪೇಟ ಎಲ್ಲ ಇರುವುದು ಅಲ್ಲಿಯೇ. ಮಾಲೂರಿನ ಮಿಡ್ಲ್ ಸ್ಕೂಲಿನಲ್ಲಿ ಬೆಕ್ಕು, ಚಾಪೆ, ಇಲಿಗಳ ಇಂಗ್ಲಿಷನ್ನೇ ಹೇಳಿಕೊಡುತ್ತಾ ತಲೆ ನರೆಸಿಕೊಳ್ಳುತ್ತಿದ್ದ ನನಗೆ ಎರಡನೆಯ ಹಂತದ ಹುಚ್ಚು ಹಿಡಿದದ್ದು, ಕೋಲಾರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರ ಜಾಗ ಖಾಲಿಯಾದಾಗ. ಕೋಲಾರ ನನ್ನ ಹೆಂಡತಿ ಸೀತೆಯ ತವರು. ಸುದ್ದಿ ಕಿವಿಗೆ ಬಿದ್ದ ದಿನವೇ ಅವಳು ನಮ್ಮ ಒರಳುಕಲ್ಲನ್ನು ಯಾರಿಗೆ ಕೊಟ್ಟು ಹೋಗುವುದೆಂದು ಯೋಚಿಸತೊಡಗಿದಳು.

ಆ ಜಾಗಕ್ಕೆ ಹೆಸರು ಸೂಚಿಸಬೇಕಾದವರು ನಮ್ಮ ಶಾಲೆಗಳ ಇನ್‌ಸ್ಪೆಕ್ಟರ್ ಸಾಹೇಬರು. ಅವರಿಗೆ ನಕ್ಷತ್ರಗಳೆಂದರೆ ಪ್ರಾಣ. ಶ್ರೀನಿವಾಸಪುರದ ತನಿಖೆಯಲ್ಲಿ ಅಲ್ಲಿನ ಮೇಷ್ಟ್ರನ್ನು ನಿಲ್ಲಿಸಿ, ಆಕಾಶವನ್ನು ಕುರಿತು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿ ಎಂದರಂತೆ. ಆ ಪುಣ್ಯಾತ್ಮ, ಆಕಾಶ ಮೇಲಿದೆ ಎಂದು ಹೇಳಿ ಕೂತುಬಿಟ್ಟನಂತೆ. ನಾನು ಹಾಗೆ ಸಿಕ್ಕಿಬೀಳುವವನಲ್ಲ. ಹೆಡ್‌ಮಾಸ್ಟರ ಬೀರುವಿನಿಂದ ದಪ್ಪ ನಿಘಂಟು ತಂದು, ಆಕಾಶಕ್ಕೂ ಕಾಲಕ್ಕೂ ಸಂಬಂಧಪಟ್ಟ ಭಾರಿ ಶಬ್ದಗಳನ್ನೆಲ್ಲ ಹೆಕ್ಕಿದೆ. ಇಟರ್ನಿಟಿ, ಈಯಾನ್, ಪರ್ಪೆಚುಯಲ್, ನೆಬ್ಯುಲಾ, ಕಾನ್‌ಸ್ಟೆಲೇಶನ್, ಸೆಲೆಸ್ಟಿಯಲ್, ಫರ್ಮಮೆಂಟ್, ಜೆನಿತ್. ಒಂದೊಂದೂ ಬಾಯ್ತುಂಬ ಇದ್ದವು.

ಯುದ್ಧದ ಕಾಲ, ಸೀಮೆಎಣ್ಣೆಗೆ ಪರದಾಟ. ಹಾಗಾಗಿ ಓದೆಲ್ಲ ಬೆಳಗಿನ ಬೆಳಕಿನಲ್ಲೇ. ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು, ಒದ್ದೆ ಪಂಚೆಯಲ್ಲೇ ಜಗಲಿಯ ಮೇಲೆ ಶತಪಥ ಹಾಕುತ್ತಾ ಉರು ಹೊಡೆಯುತ್ತಿದ್ದೆ. ಅದೂ ಸುಮ್ಮನೆ ಅಲ್ಲ. ಚಿಕ್ಕಂದಿನಲ್ಲಿ ತಾತ ನನಗೆ ಸಂಸ್ಕೃತದ ಶಬ್ದಗಳನ್ನು ಬಾಯಿಪಾಠ ಮಾಡಿಸಿದ ರಾಗವೊಂದಿದೆ. ಆ ರಾಗದಲ್ಲಿ ಹೇಳಿದರೇ ನನ್ನ ತಲೆಗೆ ಏನಾದರೂ ಇಳಿಯುವುದು. ಸೀತೆ ಒಳಗಿನಿಂದ, "ನಿಮ್ಮ ಇಟರ್ನಿಟಿ ಮುಗಿದ ಮೇಲೆ ಎರಡು ಕೊಡ ನೀರು ಸೇದಿಕೊಡಿ" ಎಂದು ಕೂಗುತ್ತಿದ್ದಳು. ಅದು ಮುಗಿಯುವಂಥದ್ದಲ್ಲ, ಅದರ ಅರ್ಥವೇ ಹಾಗೆ ಎಂದು ಒಮ್ಮೆ ವಿವರಿಸಿದೆ. ಆ ದಿನ ಊಟಕ್ಕೆ ಬರಿಯ ಗೊಜ್ಜು.

ಎದುರುಮನೆಯ ಮೊಸರು ಮಾರುವ ಮುನೆಮ್ಮ ಇದನ್ನೆಲ್ಲ ದಿನವೂ ನೋಡುತ್ತಿದ್ದಳಂತೆ. ಒಂದು ಬೆಳಗ್ಗೆ ಅಳುತ್ತಿದ್ದ ಮೊಮ್ಮಗುವನ್ನು ಎತ್ತಿಕೊಂಡು ಬಂದು ನಿಂತಳು.

"ಸಾಮಿ, ಕೂಸು ನಿನ್ನೆಯಿಂದ ಒಂದೇ ಸಮ ಅಳ್ತದೆ. ದಿಷ್ಟಿ ಆಗ್ಯದೆ. ನೀವು ಹೇಳ್ಕೊಂತೀರಲ್ಲ, ಅದನ್ನ ಒಂಚೂರು ಹಾಕಿ."

"ಅದು ಮಂತ್ರ ಅಲ್ಲ ಮುನೆಮ್ಮ, ಇಂಗ್ಲಿಷು."

"ಏನಾದ್ರೂ ಆಗ್ಲಿ ಸಾಮಿ, ದೊಡ್ಡದಾಗಿರೋದು ಹಾಕಿ. ಆದ್ರೆ ಬಾಯೊಳಗೇ ಹೇಳ್ಕೊಂಡು ಊದಿ. ಕಿವಿಗೆ ಬಿದ್ರೆ ಶಕ್ತಿ ಹೋಗ್ತದೆ, ದೇವುಡಾ!"

ಮಗುವಿನ ಅಳು ನಿಂತರೆ ಸಾಕೆಂದು ತುಟಿಯಲ್ಲೇ ಕಾನ್‌ಸ್ಟೆಲೇಶನ್ ಅಂದು, ಒಂದು ಚಿಟಿಕೆ ವಿಭೂತಿ ಹಚ್ಚಿ ಊದಿದೆ. ಮಗು ನನ್ನ ಮೀಸೆಯನ್ನು ದಿಟ್ಟಿಸಿ ನೋಡಿ ಸುಮ್ಮನಾಯಿತು. ಕೆಲಸ ಕೆಟ್ಟಿತು. ಮುಂದಿನ ಮಂಗಳವಾರದಿಂದ ನನ್ನ ಜಗಲಿಯಲ್ಲಿ ಕಾಲಿಡಲು ಜಾಗವಿಲ್ಲ. ವಕ್ಕಲೇರಿ ಕಡೆಯಿಂದಲೂ ಗಾಡಿ ಕಟ್ಟಿಕೊಂಡು ಬಂದರು. ನಾನೂ ಬೇಡವೆನ್ನಲಿಲ್ಲ; ಶಬ್ದಗಳು ಮರೆತುಹೋಗದಿರಲು ಇದಕ್ಕಿಂತ ಒಳ್ಳೆಯ ಉಪಾಯ ಎಲ್ಲಿದೆ? ಮುದುಕರೊಬ್ಬರ ಮಂಡಿನೋವಿಗೆ ಪರ್ಪೆಚುಯಲ್ ಎಂದಾಗ ಮಾತ್ರ, ಅದರ ಅರ್ಥ ಎಂದೆಂದಿಗೂ ಇರುವುದು ಎಂದು ನೆನಪಾಗಿ ಸ್ವಲ್ಪ ಅಳುಕಾಯಿತು.

ಕೊನೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ತಲೆಗೆ ಒದ್ದೆ ಕರವಸ್ತ್ರ ಕಟ್ಟಿಕೊಂಡು, ಒಂದು ಕಣ್ಣು ಮುಚ್ಚಿಕೊಂಡೇ ನನ್ನ ಕ್ಲಾಸಿಗೆ ಕಾಲಿಟ್ಟರು. ನಾನು ಎದೆಯುಬ್ಬಿಸಿ ಸೆಲೆಸ್ಟಿಯಲ್ ಎಂದು ಶುರುಮಾಡುವಷ್ಟರಲ್ಲಿ ಕೈ ಅಡ್ಡ ಹಿಡಿದು, "ಮೆಲ್ಲಗೆ ಮೇಷ್ಟ್ರೇ, ಮೆಲ್ಲಗೆ" ಎಂದು ನರಳುತ್ತಾ ಹೊರಟೇ ಹೋದರು. ತಿಂಗಳುಗಟ್ಟಲೆ ಕಟ್ಟಿದ ಆಕಾಶ ಬಾಯಲ್ಲೇ ಉಳಿಯಿತು. ಅಳುವುದೊಂದು ಬಾಕಿ.

ಮಧ್ಯಾಹ್ನ ಶಾಲೆಯ ಜವಾನ ಬುಡನ್ ಸಾಬ್ ಓಡೋಡಿ ಬಂದ. "ಮೇಷ್ಟ್ರೇ, ಸಾಹೇಬ್ರು ಬಂಗಲೆಗೆ ಕರೀತಾವ್ರೆ. ಅರೆತಲೆನೋವಂತೆ. ನಾನೇ ಹೇಳ್ದೆ, ನಮ್ಮ ಮೇಷ್ಟ್ರು ಒಂದು ದಫಾ ಊದಿದ್ರೆ ಖಲಾಸ್ ಅಂತ."

ಬುಡನ್ ಸಾಬನ ಹಿಂದೆ ಹೊರಟೆ. ಬಂಗಲೆಯಲ್ಲಿ ಸಾಹೇಬರು ಆರಾಮಕುರ್ಚಿಯಲ್ಲಿ ಒರಗಿದ್ದರು. "ಡಾಕ್ಟರುಗಳದ್ದೆಲ್ಲ ಆಯ್ತು ಮೇಷ್ಟ್ರೇ, ನಿಮ್ಮದೂ ಒಂದು ನೋಡಿಬಿಡೋಣ. ಯಾರ ಮುಂದೂ ಆಡ್ಬೇಡಿ, ಅಷ್ಟೆ" ಎಂದು ಕಣ್ಣು ಮುಚ್ಚಿದರು. ನನ್ನ ಸಂಕಟ ನೋಡಿ: ಆ ಶಬ್ದಗಳನ್ನು ಕಲಿತದ್ದು ಯಾರ ಕಿವಿಗೋ ಆ ಕಿವಿ ಗೇಣು ದೂರದಲ್ಲಿದೆ. ಗಟ್ಟಿಯಾಗಿ ಹೇಳಿದರೆ ನನಗೆ ಇಂಗ್ಲಿಷ್ ಬರುತ್ತದೆಂದು ಗೊತ್ತಾಗುತ್ತದೆ, ಮಂತ್ರ ಬರುವುದಿಲ್ಲವೆಂದೂ ಗೊತ್ತಾಗುತ್ತದೆ. ಬೇರೆ ದಾರಿ ಕಾಣದೆ, ಇಟರ್ನಿಟಿಯಿಂದ ಜೆನಿತ್‌ವರೆಗೆ ಒಂದನ್ನೂ ಬಿಡದೆ, ಉಚ್ಚಾರಣೆಯಲ್ಲಿ ಒಂದು ತಪ್ಪೂ ಇಲ್ಲದೆ, ಬರಿಯ ತುಟಿ ಅಲ್ಲಾಡಿಸಿ ಹೇಳಿದೆ. ನೆಬ್ಯುಲಾವನ್ನು ಎರಡು ಸಲ ಹೇಳಿ ಊದಿದೆ.

ಸ್ವಲ್ಪ ಹೊತ್ತಿಗೆ ಸಾಹೇಬರು ಎರಡೂ ಕಣ್ಣು ಬಿಟ್ಟರು. "ಇಳೀತು ಕಣ್ರೀ! ಅದೇನು ಶಕ್ತಿ!" ಇದೇ ಸಮಯವೆಂದು ಕೋಲಾರದ ಮಾತೆತ್ತಿದೆ. ಅವರು ನನ್ನ ಕೈ ಹಿಡಿದುಕೊಂಡರು. "ಇಂಗ್ಲಿಷ್ ಬರೋರು ಬೆಂಗಳೂರಲ್ಲಿ ಬೇಕಾದಷ್ಟು ಸಿಗ್ತಾರೆ ಬಿಡಿ. ನಿಮ್ಮಂಥೋರನ್ನ ಈ ಊರಿಂದ ಕಿತ್ತರೆ ನನಗೆ ಪಾಪ ಬರುತ್ತೆ. ನಾನಿರೋವರೆಗೂ ನಿಮ್ಮನ್ನ ಇಲ್ಲಿಂದ ಯಾರೂ ಅಲ್ಲಾಡಿಸದ ಹಾಗೆ ನೋಡ್ಕೋತೀನಿ."

ಸಂಜೆ ಮನೆಗೆ ಬಂದು ಎಲ್ಲ ಹೇಳಿದೆ. ಸೀತೆ ಗೋಡೆಗೊರಗಿ ಕೂತಳು. ತವರು ಕೈತಪ್ಪಿದವಳ ಮುಖ ನೋಡಿ ನನಗೆ ನಿಜವಾಗಿ ದುಃಖವಾಯಿತು. ಹಣೆ ಒತ್ತಿಕೊಳ್ಳುತ್ತಾ, "ತಲೆ ಸಿಡೀತಿದೆ. ನನಗೂ ಒಂದಿಷ್ಟು ಹಾಕಿ. ಗಟ್ಟಿಯಾಗಿಯೇ ಹೇಳಿ. ಅಷ್ಟು ಕಷ್ಟಪಟ್ಟು ಕಲಿತಿದ್ದೀರಿ, ನಾನಾದರೂ ಕೇಳ್ತೀನಿ" ಎಂದಳು.

ಅವಳ ಹಣೆಯ ಮೇಲೆ ಕೈಯಿಟ್ಟು, ರಾಗವಾಗಿ, ಸ್ಪಷ್ಟವಾಗಿ, ಸಾಹೇಬರೆದುರು ಹೇಗೆ ಹೇಳಬೇಕೆಂದಿದ್ದೆನೋ ಹಾಗೆ ಇಡೀ ಬ್ರಹ್ಮಾಂಡವನ್ನು ಒಪ್ಪಿಸಿದೆ. ಮುಗಿಸಿ, "ಹೇಗಿದೆ?" ಎಂದು ಕೇಳಿದೆ.

"ಜಾಸ್ತಿ ಆಯ್ತು" ಎಂದಳು.