ಇವತ್ತೂ ಹಾಕ್ಕಂಡಿಲ್ಲ

ಇಡೀ ಕಡೂರು ತಾಲ್ಲೂಕಿನಲ್ಲಿ ನಮ್ಮ ಸೋದರಮಾವನಷ್ಟು ಚಟಗಳನ್ನು ಬಿಟ್ಟವರು ಇನ್ನೊಬ್ಬರಿಲ್ಲ. ಅಷ್ಟೊಂದು ಬಿಡಬೇಕಾದರೆ ಮೊದಲು ಅಷ್ಟೊಂದು ಹಿಡಿಯಬೇಕಲ್ಲ, ಅದರಲ್ಲೂ ಮೊದಲ ಸ್ಥಾನ ಅವರದೇ! ಪಂಚನಹಳ್ಳಿಯ ಹತ್ತಿರ ತೆಂಗಿನ ತೋಟ ಇಟ್ಟುಕೊಂಡಿರುವ ಈ ಮನುಷ್ಯನಿಗೆ ದೇವರು 'ಒಂದು ಸಾಕು' ಅನ್ನುವ ಮಾತನ್ನು ಕಲಿಸಲೇ ಇಲ್ಲ. ಟೀ ಹಿಡಿಸಿತು ಅಂದರೆ ದಿನಕ್ಕೆ ಹದಿನಾಲ್ಕು ಲೋಟ. ಮೊಬೈಲಿನಲ್ಲಿ ಲೂಡೋ ಹಿಡಿಸಿದಾಗ ಬೋರ್‌ವೆಲ್ ಮೋಟಾರು ಆಫ್ ಮಾಡುವುದನ್ನು ಮರೆತು ಪಕ್ಕದವರ ರಾಗಿ ಹೊಲಕ್ಕೂ ನೀರು ಬಿಟ್ಟರು. ಅತ್ತೆ ಆ ಫೋನು ಕಿತ್ತುಕೊಂಡು ಗುಂಡಿ ಒತ್ತುವ ಹಳೇ ಫೋನು ಕೈಗಿಟ್ಟರು. ಅದರಲ್ಲಿ ಮಾವನಿಗೆ ಒತ್ತಲು ಬರುವುದು ನನ್ನ ನಂಬರೊಂದೇ.

ಇವೆಲ್ಲ ಬಿಡಿ, ಮಾವನನ್ನು ನಿಜವಾಗಿ ಹಿಡಿದಿದ್ದು ಹೊಗೆಸೊಪ್ಪು. ಎಲೆ, ಅಡಿಕೆ, ಸುಣ್ಣದ ಜೊತೆ ಸೇರಿಕೊಂಡು ಮೂವತ್ತು ವರ್ಷ ಅದು ಅವರ ಎಡಗೆನ್ನೆಯಲ್ಲೇ ಬಿಡಾರ ಹೂಡಿತ್ತು. ಒಂದು ದಿನ ಕಡೂರಿನ ಹಲ್ಲಿನ ಡಾಕ್ಟರು ಆ ಕೆನ್ನೆಯೊಳಗೆ ಟಾರ್ಚು ಬಿಟ್ಟು, ಒಂದು ಬಿಳಿ ಮಚ್ಚೆ ತೋರಿಸಿ, ಇದು ಇನ್ನೂ ಕ್ಯಾನ್ಸರಲ್ಲ, ಬಿಡದೇ ಹೋದರೆ ಆಗಬಹುದು ಅಂದರು. ಮಾವ ಅಲ್ಲೇ ಉಗುಳಿ ಬಂದರು.

ಗುಟ್ಟಾಗಿ ಬಿಡುವುದು ಅವರ ಜಾಯಮಾನವೇ? ಊರಿನ ಅಂಗಡಿಗೆ ಹೋಗಿ, ನಾನು ಕೇಳಿದರೂ ಹೊಗೆಸೊಪ್ಪು ಕೊಡಬೇಡ, ಬೈದರೂ ಕೊಡಬೇಡ, ಅತ್ತರೆ ನನ್ನ ಹೆಂಡತಿಗೆ ಹೇಳಿ ಕಳಿಸು ಅಂತ ಕಟ್ಟಪ್ಪಣೆ ಮಾಡಿದರು. ಮುಂದಿನ ವಾರವೇ ತೋಟಕ್ಕೆ ಕಾಯಿ ಸುಲಿಯುವವರು ಬಂದರು. ಅವರಿಗೆ ಎಲೆ ಅಡಿಕೆ ಹೊಗೆಸೊಪ್ಪನ್ನು ತೋಟದವರೇ ಕೊಡುವುದು ನಮ್ಮ ಕಡೆಯ ಪದ್ಧತಿ. ಮಾವ ತರಲು ಹೋದರೆ ಅಂಗಡಿಯವನು ಕೊಡಬೇಕಲ್ಲ! ಆಳುಗಳಿಗೆ ಅಂದರು, ಕೊಡಲಿಲ್ಲ. ಬೈದರು, ಕೊಡಲಿಲ್ಲ.

"ಇನ್ನ ಅಳೋದೊಂದು ಬಾಕಿ ಐತೆ ಗೌಡ್ರೇ, ಅಕ್ಕಾರಿಗೆ ಹೇಳ್ ಕಳಿಸ್ಲಾ?" ಅಂದನಂತೆ ಪುಣ್ಯಾತ್ಮ.

ಆವತ್ತು ಸುಲಿಯುವವರಿಗೆ ಸಿಕ್ಕಿದ್ದು ಬರೀ ಹುರಿಗಡಲೆ. ಅವರು ಮಧ್ಯಾಹ್ನಕ್ಕೇ ಸುಲಿಯುವ ಗೂಟ ಕಿತ್ತುಕೊಂಡು ಹೊರಟುಹೋದರು. ಹುರಿಗಡಲೆ ಯಾಕೆಂದರೆ ಹೊಗೆಸೊಪ್ಪಿನ ಜಾಗಕ್ಕೆ ಮಾವ ಹಿಡಿದಿದ್ದೇ ಅದನ್ನು. ಎರಡೂ ಜೇಬು ತುಂಬ ಅದೇ, ನಡೆದರೆ ಹಿಂದೆ ಊರ ಕೋಳಿಗಳ ಮೆರವಣಿಗೆ.

ಆ ವರ್ಷವೇ ನನ್ನ ನಿಶ್ಚಿತಾರ್ಥ. ಹುಡುಗನ ಕಡೆಯವರು ಅಜ್ಜಂಪುರದವರು. ನಮ್ಮ ಮನೆತನದಲ್ಲಿ ಹುಡುಗಿಯ ಸೋದರಮಾವ ಬೀಗರ ತಟ್ಟೆಯಿಂದ ಎಲೆ ಅಡಿಕೆ ತೆಗೆದು ಎಲ್ಲರೆದುರು ಬಾಯಿಗೆ ಹಾಕಿಕೊಂಡರೇನೇ ಮಾತು ಪಕ್ಕಾ. ತಟ್ಟೆ ಬಂತು. ಮಾವ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತುಬಿಟ್ಟರು. ಬೀಗರ ಮುಖ ಕಪ್ಪಿಟ್ಟಿತು. ನಮ್ಮ ಹುಡುಗನಲ್ಲಿ ಏನು ಐಬು ಕಂಡಿರಿ ಅಂತ ಅವರ ದೊಡ್ಡಪ್ಪ ಎದ್ದೇಬಿಟ್ಟರು. ನಾನು ಮನಸ್ಸಿನಲ್ಲೇ ಮಾವನಿಗೆ ಬೈದಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

"ಹುಡ್ಗ ಚಿನ್ನದಂಥೋನು ಕಣ್ರೀ. ಐಬು ಇರೋದು ನನ್ನಲ್ಲಿ," ಅಂದರು ಮಾವ. "ನಂಗೆ ಯಾವ್ದೂ ಒಂದಕ್ಕೆ ನಿಲ್ಲಲ್ಲ. ಇವತ್ತು ಎಲೆ ಹಾಕ್ಕಂಡ್ರೆ ನಾಳೆ ಬಾಯಿ ಹೊಗೆಸೊಪ್ಪು ಕೇಳ್ತದೆ. ಈ ಹುಡ್ಗಿ ಮದ್ವೇಲಿ ನಾನಿರ್ಬೇಕು, ಅವಳ ಮಕ್ಳನ್ನ ಎತ್ತಾಡಿಸ್ಬೇಕು."

ಹುಡುಗನ ಅಜ್ಜಿ ಮುಂದೆ ಬಂದು, ಮತ್ತೆ ಆ ಜೇಬಲ್ಲಿ ಏನು ತುಂಬಿಕೊಂಡಿದ್ದೀಯಪ್ಪಾ ಅಂತ ಕೇಳಿದರು. ಹುರಿಗಡಲೆ ಅಂತ ತಿಳಿದ ಮೇಲೆ, ಅದನ್ನೇ ತಟ್ಟೆಗೆ ಸುರಿ ಅಂದರು. ಅಜ್ಜಿಗೆ ಹಲ್ಲಿಲ್ಲ, ಆದರೂ ಎರಡು ಕಾಳು ಬಾಯಿಗಿಟ್ಟುಕೊಂಡು ಚೀಪಿದರು. ಹೀಗೆ ನನ್ನ ಮದುವೆ ಪಕ್ಕಾ ಆಗಿದ್ದು ಹುರಿಗಡಲೆಯ ಮೇಲೆ. ಈಗಲೂ ಗಂಡನ ಜೊತೆ ಜಗಳವಾದರೆ, ಶಾಸ್ತ್ರವೇ ಸರಿಯಾಗಿ ಆಗಿಲ್ಲ ಅನ್ನುವ ಪಾಯಿಂಟು ನನ್ನ ಕೈಯಲ್ಲಿದೆ.

ಇದಾಗಿ ಎಂಟು ವರ್ಷವಾಯಿತು. ಮಚ್ಚೆಯೂ ಹೋಯಿತು. ಆದರೆ ದಿನಾ ಬೆಳಗ್ಗೆ ಏಳಕ್ಕೆ ಮಾವನ ಫೋನು ಮಾತ್ರ ತಪ್ಪಿಲ್ಲ. ಇವತ್ತೂ ಹಾಕ್ಕಂಡಿಲ್ಲ ಅನ್ನುತ್ತಾರೆ, ಇಟ್ಟುಬಿಡುತ್ತಾರೆ. ಹಲೋ ಇಲ್ಲ, ತಿಂಡಿ ಆಯ್ತಾ ಇಲ್ಲ. ನಾನು ದೋಸೆ ಮಗುಚುತ್ತಾ 'ಹ್ಞೂಂ' ಅನ್ನುತ್ತಿದ್ದೆ. ಹೊಗೆಸೊಪ್ಪು ಹೋಗಿ ಫೋನಿನ ಚಟ ಹತ್ತಿತು ಅಂತ ನಗುತ್ತಲೂ ಇದ್ದೆ.

ಹೋದ ತಿಂಗಳು ನನ್ನ ಫೋನು ಕೆಟ್ಟು ರಿಪೇರಿಗೆ ಹೋಗಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ನೋಡಿದರೆ ಅಜ್ಜಂಪುರದ ನಮ್ಮ ಮನೆ ಬಾಗಿಲಲ್ಲಿ ಮಾವ! ಕಡೂರಿನಲ್ಲಿ ಬಸ್ಸು ಬದಲಿಸಿಕೊಂಡು ಬಂದಿದ್ದರು. ಅತ್ತೆಗೇನಾದರೂ ಆಯಿತೇ ಅಂತ ಕೈಲಿದ್ದ ಕೆಲಸ ಬಿಟ್ಟು ಓಡಿದೆ. ಮಾವ ಚಪ್ಪಲಿಯನ್ನೂ ಬಿಡದೆ ಅಂದರು, "ಇವತ್ತೂ ಹಾಕ್ಕಂಡಿಲ್ಲ."

ಇಷ್ಟು ಹೇಳುವುದಕ್ಕೆ ಇಲ್ಲಿಯವರೆಗೆ ಬರಬೇಕಿತ್ತೇ ಅಂತ ರೇಗಿದೆ. ಮಾವ ಮೆಟ್ಟಿಲ ಮೇಲೆ ಕುಳಿತರು.

"ನಿಂಗೆ ಹೇಳ್ದೇ ಇದ್ದಿದ್ರೆ ಹಾಕ್ಕಂಬಿಡ್ತಿದ್ದೆ ಕಣವ್ವಾ. ಈಗ್ಲೂ ದಿನಾ ಎದ್ ತಕ್ಷಣ ಬೇಕು ಅನ್ಸುತ್ತೆ. ತಡಿ, ಮೊದ್ಲು ಅವಳಿಗೆ ಹೇಳಾಣ ಅಂತ ಒಂದಿನ ದಾಟಿಸ್ತೀನಿ."

ನನಗೆ ಅಳು ತಡೆಯಲಾಗಲಿಲ್ಲ. ಮಾವ ಎಂದೋ ಗೆದ್ದಾಯಿತು ಅಂತ ನಾನು ತಿಳಿದಿದ್ದೆ. ಅವರು ದಿನಾ ಹೊಸದಾಗಿ ಗೆಲ್ಲುತ್ತಿದ್ದರು, ನಾನು ದೋಸೆ ಮಗುಚುತ್ತಾ ಹ್ಞೂಂ ಅನ್ನುತ್ತಿದ್ದೆ.

ಈಗ ಏಳಕ್ಕೆ ಮುಂಚೆಯೇ ಒಲೆ ಆರಿಸಿ ಫೋನು ಹಿಡಿದು ಕೂರುತ್ತೇನೆ. ಏಳೂ ಐದಾದರೂ ಬರಲಿಲ್ಲ ಅಂದರೆ ನನಗೆ ಕೈಕಾಲೇ ಆಡುವುದಿಲ್ಲ. ಸೋದರಮಾವನ ಗುಣ, ಎಲ್ಲಿ ಹೋದೀತು? ನನಗೂ ಒಂದು ಚಟ ಹತ್ತಿದೆ. ಅದನ್ನು ಬಿಡುವ ಯೋಚನೆ ನನಗಿಲ್ಲ.